ಹನ್ನೊಂದು ಸೆಕೆಂಡ್

ಮೇಲ್ವಿಚಾರಕ ವೆಂಕೋಬ ಸರ್ ಕಳಿಸಿದ ಸಂದೇಶದಲ್ಲಿ ಬೈಗುಳವಿರಲಿಲ್ಲ. ಸುನಿತಾಳಿಗೆ ಅನುಮಾನ ಹುಟ್ಟಿದ್ದೇ ಅದರಿಂದ. ‘ನಾಲ್ಕು ಗಂಟೆಗೆ ಫ್ರೀ ಇರಿ. ನಿನ್ನೆಯ ಒಂದು ಕಾಲ್ ಬಗ್ಗೆ ಮಾತಾಡೋದಿದೆ.’ ಇಷ್ಟೇ, ಕೊನೆಗೊಂದು ಕೈಮುಗಿದ ಚಿತ್ರ. ಬೈಯುವವರು ಕೈ ಮುಗಿಯುವುದಿಲ್ಲ, ಕೆಲಸದಿಂದ ತೆಗೆಯುವವರು ಮುಗಿಯುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಬಂದ ಆ ಎರಡು ಸಾಲನ್ನು ಅವಳು ಹತ್ತು ಗಂಟೆಯೊಳಗೆ ಎಷ್ಟು ಸಲ ಓದಿದಳೆಂದರೆ, ‘ಒಂದು ಕಾಲ್’ ಎಂಬ ಮಾತಿನ ಒಳಗೆ ಒಬ್ಬ ಮನುಷ್ಯ ಕೂತು ತನ್ನನ್ನೇ ನೋಡುತ್ತಿದ್ದಾನೆ ಅನಿಸತೊಡಗಿತು. ಲ್ಯಾಪ್‌ಟಾಪಿನ ನೆತ್ತಿಯ ಮೇಲಿದ್ದ ಕ್ಯಾಮೆರಾದ ಕಣ್ಣಿಗೆ ಅವಳು ಮೊದಲ ದಿನವೇ ಹಣೆಯ ಟಿಕಳಿ ಕಿತ್ತು ಅಂಟಿಸಿದ್ದಳು. ಆದರೂ ಬೆನ್ನ ಹಿಂದೆ ಕಟ್ಟಿದ ನೀಲಿ ಹೂವಿನ ಚಾದರ ಸರಿದಿದೆಯೇ ಎಂದು ತಿರುಗಿ ತಿರುಗಿ ನೋಡಿದಳು. ಚಾದರದ ಹಿಂದೆ ಗೋಡೆ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಪಕ್ಕದ ಗೂಟದಲ್ಲಿ ಅಪ್ಪ ಬಾರಿಸುವ ತೊಗಲಿನ ಹಲಗೆ.

ಕೊಪ್ಪಳದ ಆಫೀಸು ಮುಚ್ಚಿ ಮೂರು ವಾರವಾಗಿತ್ತು. ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ಕೆಟ್ಟವರು ಫೋನು ಮಾಡಿದರೆ ದೂರು ಬರೆದುಕೊಳ್ಳುವ ಕೆಲಸ. ಎರಡನೇ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ, ಇನ್ನು ಮುಂದೆ ಮನೆಯಿಂದಲೇ ಕೆಲಸ, ಬಸ್ಸಿನ ಕಷ್ಟವಿಲ್ಲ, ಬಿಸಿಬಿಸಿ ಊಟ ಎಂದಾಗ ಮೂವತ್ತು ಜನ ಚಪ್ಪಾಳೆ ತಟ್ಟಿದ್ದರು. ಅವಳೂ ತಟ್ಟಿದಳು, ಆದರೆ ಸಪ್ಪಳ ಬರಲಿಲ್ಲ. ಎರಡು ವರ್ಷ ಆ ಕೋಣೆಗೂ ಅವಳ ಮನೆಗೂ ನಡುವೆ ಒಂದು ತಾಸಿನ ಬಸ್ಸಿನ ದಾರಿ ಇತ್ತು. ಅಳವಂಡಿ ದಾಟಿ ಮೂರು ಕಿಲೋಮೀಟರ್ ಆಚೆಯ ತನ್ನ ಊರಲ್ಲಿ ಬಸ್ಸು ಹತ್ತುವಾಗ ಅವಳು ದುರಗಪ್ಪನ ಮಗಳು. ಕೊಪ್ಪಳದಲ್ಲಿ ಇಳಿಯುವ ಹೊತ್ತಿಗೆ ಮಾತು, ನಡಿಗೆ, ಕೊನೆಗೆ ನೀರು ಕುಡಿಯುವ ರೀತಿಯೂ ಬೇರೆ. ‘ನಿಮ್ದು ಯಾವ ಕಡೆ ಮನಿ?’ ಎಂದು ಕೇಳಿದವರಿಗೆ ‘ಅಳವಂಡಿ, ಬಸ್‌ಸ್ಟ್ಯಾಂಡ್ ಹತ್ರ’ ಎಂದು ಹೇಳಿ ಹೇಳಿ, ಬಸ್‌ಸ್ಟ್ಯಾಂಡಿನ ಹತ್ತಿರ ಹಸಿರು ಬಾಗಿಲಿನ ಒಂದು ಮನೆಯನ್ನೇ ಕಟ್ಟಿಬಿಟ್ಟಿದ್ದಳು. ಆ ಮನೆಯಲ್ಲಿ ತುಳಸಿಯನ್ನೂ ನೆಟ್ಟಿದ್ದಳು. ಈಗ ಕಂಪನಿ ಕಾರಿನಲ್ಲಿ ಲ್ಯಾಪ್‌ಟಾಪ್ ತಂದುಕೊಡುತ್ತೇವೆ, ವಿಳಾಸ ಕಳಿಸಿ ಎಂದಾಗ ಅವಳು ತಾನೇ ಬಂದು ಒಯ್ಯುತ್ತೇನೆಂದು ಬಿಸಿಲಲ್ಲಿ ಕೊಪ್ಪಳಕ್ಕೆ ಹೋಗಿ, ಅದನ್ನು ಕೂಸಿನಂತೆ ಅವಚಿಕೊಂಡು ಬಸ್ಸಿನಲ್ಲಿ ನಿಂತೇ ಬಂದಿದ್ದಳು. ತಂದ ಮೇಲೆ ತಿಳಿಯಿತು: ತಂದದ್ದು ಯಂತ್ರವನ್ನಲ್ಲ, ಆ ಕೋಣೆಯನ್ನೇ. ಮೂವತ್ತು ಜನರ ಕಿವಿ ಈಗ ಕೇರಿಯ ನಡುವೆ, ಅಪ್ಪನ ಗೂಟದ ಕೆಳಗೆ ಕೂತಿತ್ತು.

ನಿನ್ನೆಯ ಕಾಲ್ ಯಾವುದೆಂದು ಅವಳು ಕೇಳಬೇಕಾಗಿರಲಿಲ್ಲ. ಯಲಬುರ್ಗಾದ ಒಬ್ಬ ಗಂಡಸು, ಮಿಕ್ಸರಿನಿಂದ ಹೊಗೆ ಬರುತ್ತಿದೆ ಎನ್ನುತ್ತಿದ್ದ. ‘ನಿಮ್ಮ ತೊಂದರೆಗೆ ಕ್ಷಮೆ ಕೋರುತ್ತೇವೆ ಸರ್’ ಎಂದು ಅವಳು ಫೋನಿನ ಕನ್ನಡದಲ್ಲಿ ಹೇಳುತ್ತಿರುವಾಗ ಹೊರಗೆ ಅಂಗಳದಲ್ಲಿ ಜೋಳದ ಸೊಪ್ಪೆಗೆ ಬೆಂಕಿ ಹಚ್ಚಿ ಅಪ್ಪ ಹಲಗೆ ಕಾಸತೊಡಗಿದ್ದ. ತೊಗಲು ಬಿಸಿಯಾಗಿ ಬಿಗಿಯುತ್ತ ಬಂದಂತೆ ನಡುನಡುವೆ ಕಡ್ಡಿಯಿಂದ ಒಂದೊಂದು ಪೆಟ್ಟು ಹಾಕಿ ನೋಡಬೇಕು. ಮೊದಲ ಪೆಟ್ಟು ಮಂಕಾಗಿ, ತೊಯ್ದ ಗೋಣಿಚೀಲಕ್ಕೆ ಬಡಿದಂತೆ. ಎರಡನೆಯದಕ್ಕೆ ಸ್ವಲ್ಪ ಜೀವ. ಮೂರನೆಯದು ಡಣ್ಣನೆ ಗೋಡೆ ದಾಟಿ ಬಂದು ಅವಳ ಹೆಡ್‌ಫೋನಿನ ಮೇಲೆಯೇ ಬಿತ್ತು. ಅವಳು ಮೈಕು ಬಂದ್ ಮಾಡಿ, ಎದ್ದು ಬಾಗಿಲಿಗೆ ಓಡಿ ಚೀರಿದ್ದಳು: “ಅಪ್ಪಾ, ಸುಮ್ಕಿರ! ಯಾರರ ಕೇಳಿದ್ರ ಏನ್ ತಿಳ್ಕೊಂಡಾರು!” ಅಪ್ಪನ ಕೈ ಮೇಲಕ್ಕೆ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಅವನು ಅವಳನ್ನು ನೋಡಲಿಲ್ಲ, ಕೈಯೊಳಗಿನ ಕಡ್ಡಿಯನ್ನು ನೋಡಿದ. ಅವಳು ತಿರುಗಿ ಬಂದು ‘ಹೇಳಿ ಸರ್’ ಎಂದಳು. ಕೊನೆಗೆ ಆ ಗಂಡಸು, “ಯಾವೂರವ್ವಾ ನಿಂದು?” ಎಂದು ಕೇಳಿದ್ದ. ಕೊಪ್ಪಳ ಎಂದಿದ್ದಳು. “ಕೊಪ್ಪಳದಾಗ ಯಾವ ಓಣಿ?” ಸುಟ್ಟ ಮಿಕ್ಸರಿಗೂ ಓಣಿಗೂ ಏನು ಸಂಬಂಧ? ಮೂರನೇ ಪೆಟ್ಟು ಮೈಕು ಬಂದ್ ಆಗುವ ಮೊದಲೇ ಬಿದ್ದಿತ್ತು. ಅದು ಅವನಿಗೆ ಕೇಳಿಸಿದೆ. ಕೇಳಿಸಿದ್ದಕ್ಕೇ ಓಣಿ ಕೇಳಿದ. ಅವನೇ ಬರೆದು ಕಳಿಸಿದ್ದಾನೆ. ಇಲ್ಲವೇ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವಲ್ಲ, ವೆಂಕೋಬ ಸರ್ ಕೂತು ಕೇಳಿದ್ದಾರೆ. ಗಂಗಾವತಿಯ ತಮ್ಮ ಮನೆಯ ಫ್ಯಾನಿನ ಕೆಳಗೆ ಕೂತು, ಆ ಡಣ್ ಎಂಬುದನ್ನು ಮತ್ತೆ ಮತ್ತೆ ಹಾಕಿ, ಹೆಂಡತಿಗೂ ಕೇಳಿಸಿ, ನಕ್ಕಿದ್ದಾರೆ.

ಬೆಳಿಗ್ಗೆ ಸಂದೇಶ ಓದಿದ ಮೇಲೆ ಅವಳು ಮೊದಲು ಮಾಡಿದ ಕೆಲಸವನ್ನು ನೆನೆಯಬಾರದೆಂದು ಬೇರೆಲ್ಲವನ್ನೂ ನೆನೆಯುತ್ತಿದ್ದಳು. ಆಫೀಸಿನ ನೀರಿನ ಕೊಡದ ಪಕ್ಕ ಏಳು ಸ್ಟೀಲಿನ ಲೋಟ ಇರುತ್ತಿದ್ದವು. ಒಂದು ದಿನ ಅವಳು ಕುಡಿದಿಟ್ಟ ಲೋಟ ಮಾತ್ರ ಬೋರಲು ಬಿದ್ದಿತ್ತು. ಪಕ್ಕದ ಕುರ್ಚಿಯ ಕಳಕೇಶ ಬಂದು ಆ ಲೋಟ ಬಿಟ್ಟು ಬೇರೆಯದನ್ನು ಎತ್ತಿಕೊಂಡ. ಅವಳು ಆರು ತಿಂಗಳು ಲೋಟಗಳನ್ನು ಕಾದಳು. ಒಮ್ಮೊಮ್ಮೆ ಎಲ್ಲವೂ ಬೋರಲಾಗಿರುತ್ತಿದ್ದವು, ಒಮ್ಮೊಮ್ಮೆ ಒಂದೂ ಇಲ್ಲ. ಕಳಕೇಶ ಒಂದು ದಿನ ಅವಳ ಡಬ್ಬಿಯಿಂದಲೇ ಶೇಂಗಾ ಚಟ್ನಿ ಬಳಿದುಕೊಂಡು, “ಏ, ಭಾಳ ಛಲೋ ಆಗೇತಿ, ಅವ್ವಾರು ಮಾಡಿದ್ದೇನ್ರಿ?” ಎಂದ. ಅಂದರೆ ಅವನಿಗೆ ಗೊತ್ತಿಲ್ಲ. ಅಥವಾ ಗೊತ್ತಿದ್ದೇ ತಿಂದು, ತಿಂದೆನೆಂದು ಹೇಳಿಕೊಳ್ಳಲು ತಿಂದ. ಯಾರೂ ಅವಳಿಗೆ ಏನೂ ಅಂದಿರಲಿಲ್ಲ, ಎರಡು ವರ್ಷದಲ್ಲಿ ಒಂದು ಮಾತು ಕೂಡ. ಅನ್ನಬೇಕಾಗಿಯೇ ಇರಲಿಲ್ಲ. ಅವರ ಪಾಲಿನ ಕೆಲಸವನ್ನೆಲ್ಲ ಅವಳ ಅನುಮಾನವೇ ದಿನವೂ ಹೊತ್ತಿಗೆ ಸರಿಯಾಗಿ, ರಜೆ ಇಲ್ಲದೆ ಮಾಡಿ ಮುಗಿಸುತ್ತಿತ್ತು.

ಬೆಳಿಗ್ಗೆ ಅವಳು ಮಾಡಿದ್ದು ಇದು. ಚಾದರ ಸರಿಸಿ ಹಲಗೆಯನ್ನು ಗೂಟದಿಂದ ಇಳಿಸಿದಳು. ಅಪ್ಪ ಹೊಸಿಲ ಮೇಲೆ ಕೂತು ಚಹಾ ಆರಿಸಿಕೊಳ್ಳುತ್ತಿದ್ದ. ಅವನ ಮುಂದೆ ಅದನ್ನಿಟ್ಟು, “ಇದನ್ನ ಹುಚ್ಚೀರಪ್ಪ ಕಾಕಾನ ಮನ್ಯಾಗ ಇಟ್ಟು ಬಾ ಅಪ್ಪಾ” ಎಂದಳು.

“ಕಾಸಂಗಿಲ್ಲಬೇ ಇವತ್ತ. ನಿನ್ನೇನ ಹೇಳಿಯಲ್ಲ.”

“ಕಾಸೂದಲ್ಲ. ಮನ್ಯಾಗ ಇರೂದ ಬ್ಯಾಡ. ಸಾಯೇಬ್ರು ವಿಡಿಯೋ ಹಚ್ಚು ಅಂದ್ರ?”

“ಹಚ್ಚಿದ್ರ ಏನಾತು? ಗೂಟಕ್ಕ ತೂಗಹಾಕೇವಿ, ಕಳುವು ಮಾಡೇವೇನು?”

ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅಪ್ಪನ ತಾಯಿ ಮುದುಕವ್ವ ತಲೆ ಎತ್ತದೆ ನಕ್ಕಳು. “ಮೊದಲ ಊರಾಗಿನವ್ರು ಬಾ ಅಂದ್ರ ಬಾರಸ್ತಿದ್ವಿ. ಈಗ ಮಗಳು ಬ್ಯಾಡ ಅಂದ್ರ ಬಿಡಬೇಕು. ಯಪ್ಪಾ ದುರಗ್ಯಾ, ಆ ಹಲಗಿ ನಿಂದ ಆಗೂದು ಯಾವಾಗ?”

“ಆಯಿ, ನೀ ಸುಮ್ನಿರ. ನೌಕರಿ ಹೋದ್ರ ನೀ ಕೊಡಸ್ತಿಯೇನು?”

“ನಾನ್ಯಾಕ ಕೊಡಸಲೇ? ನೌಕರಿನ ಮನಿಗಿ ಬಂದೈತಿ. ನಾವ ಹೊರಗ ಹೋಗೂದು ಉಳದೈತಿ.”

ಅಪ್ಪ ಚಹಾ ಪೂರ್ತಿ ಕುಡಿಯಲಿಲ್ಲ. ಹಲಗೆಯನ್ನು ಹೆಗಲಿಗೆ ಹಾಕಿಕೊಳ್ಳಲಿಲ್ಲ. ಯಾವಾಗಲೂ ಹೆಗಲಿಗೆ ಹಾಕಿಕೊಳ್ಳುವವನು ಅದನ್ನು ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೋದ. ಯಾರಿಗೂ ಕಾಣದಂತೆ ಒಯ್ಯಬೇಕೆಂದು ಅವಳು ಹೇಳಿರಲಿಲ್ಲ. ಅದನ್ನು ಅವನೇ ತಿಳಿದುಕೊಂಡಿದ್ದ. ಖಾಲಿ ಗೂಟದ ಸುತ್ತ ಗೋಡೆಯ ಸುಣ್ಣ ದುಂಡಗೆ ಬೆಳ್ಳಗೆ ಉಳಿದಿತ್ತು. ಅವಳು ಬೇಗ ಚಾದರ ಎಳೆದಳು.

ಕಾಲ್‌ಗಳು ಬಂದವು, ಹೋದವು. ಫ್ಯಾನು ತಿರುಗುವುದಿಲ್ಲ, ಇಸ್ತ್ರಿ ಶಾಕ್ ಹೊಡೆಯುತ್ತದೆ. ಪ್ರತಿ ದನಿಯಲ್ಲೂ ಅವಳು ನಿನ್ನೆಯ ಯಲಬುರ್ಗಾದವನನ್ನು ಹುಡುಕಿದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೆಹಜಬೀನ ಫೋನು ಮಾಡಿದಳು. ಆಫೀಸಿನಲ್ಲಿ ಎದುರಿನ ಕುರ್ಚಿಯವಳು, ಕೊಪ್ಪಳದ ಹುಡುಗಿ. ಅವಳ ಹಿಂದೆ ಯಾವಾಗಲೂ ಒಂದು ಸಂತೆಯೇ ಇರುತ್ತಿತ್ತು. ಈಗಲೂ ಕುಕ್ಕರ್ ಕೂಗಿತು, ಅವಳ ತಾಯಿ ಕಾಸೀಮಬೀ ಯಾರನ್ನೋ ದಖ್ಖನಿಯಲ್ಲಿ ಬೈಯುತ್ತಿದ್ದಳು.

“ಈ ಗದ್ದಲದಾಗ ಹೆಂಗ ಕೆಲಸ ಮಾಡ್ತೀಯೇ ಮೆಹಜೂ?”

“ಯಾಕ? ಏನೂ ಕೇಳ್ಸಂಗಿಲ್ಲಲೇ. ಆ ಮಶೀನ ಎಲ್ಲಾ ನುಂಗತೈತಿ. ಸ್ಕ್ರೀನಿನ ಬಲಗಡಿ ಮ್ಯಾಗ ಒಂದು ಗುಂಡಿ ಐತಿ ನೋಡು, ಗದ್ದಲ ತಡೆ ಅಂತ. ಅವ್ರ ಹಚ್ಚೇ ಕೊಟ್ಟಾರ. ನಮ್ಮ ಅಮ್ಮಿ ಬಾಯೀನ ಮುಚ್ಚಸ್ತೈತಿ ಅಂದ್ರ ವಿಚಾರ ಮಾಡು! ನಮ್ಮಪ್ಪನ ಕಡೀಂದ ಆಗಿಲ್ಲ ಇಪ್ಪತ್ತೈದು ವರ್ಸ.”

ಸುನಿತಾ ನಗಲಿಲ್ಲ. ಇವಳು ಈ ಮಾತನ್ನು ಇವತ್ತೇ ಯಾಕೆ ಹೇಳುತ್ತಿದ್ದಾಳೆ? ಗದ್ದಲದ ಮಾತು ತೆಗೆದವಳು ತಾನೇ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಮರೆತುಹೋಗಿತ್ತು. ಹೋದ ವರ್ಷ ಮೆಹಜಬೀನ ಯಾರದೋ ಮದುವೆಗೆ ಅಳವಂಡಿಗೆ ಬಂದು, “ಬಸ್‌ಸ್ಟ್ಯಾಂಡಿನಾಗ ಅದೀನಿ, ನಿಮ್ಮ ಮನಿ ಯಾವುದೇ?” ಎಂದು ಫೋನು ಮಾಡಿದ್ದಳು. ಸುನಿತಾ ತಾನು ಕುಷ್ಟಗಿಯಲ್ಲಿದ್ದೇನೆಂದು ಹೇಳಿ, ಇಡೀ ಸಂಜೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದಳು, ಮೂರು ಕಿಲೋಮೀಟರ್ ಆಚೆ ನಿಂತ ಗೆಳತಿಗೆ ತನ್ನ ಉಸಿರು ಕೇಳಿಸೀತೆಂಬಂತೆ. ಮೆಹಜಬೀನ ಆಮೇಲೆ ಹಸಿರು ಬಾಗಿಲಿನ ಮನೆಯ ಬಗ್ಗೆ ಎಂದೂ ಕೇಳಿರಲಿಲ್ಲ. ಕೇಳದೆ ಇರುವವರಿಗೆ ಗೊತ್ತಿರುತ್ತದೆ.

“ವೆಂಕೋಬ ಸರ್ ನಿನಗ ಏನರ ಅಂದ್ರೇನು?” ಎಂದು ಸುನಿತಾ ಕೇಳಿದಳು.

“ನನಗ್ಯಾಕ ಅಂತಾರ? ಸುನಿ, ಆರಾಮ ಅದಿಯಿಲ್ಲೋ? ದನಿ ಒಂಥರಾ ಆಗೇತಿ.”

ಫೋನಿಟ್ಟ ಮೇಲೆ ಅವಳು ಪರದೆಯ ಬಲಗಡೆ ನೋಡಿದಳು. ಗುಂಡಿ ನಿಜವಾಗಿಯೂ ಇತ್ತು, ಹಸಿರಾಗಿ ಉರಿಯುತ್ತಿತ್ತು. ಮೂರು ವಾರ ಅವಳ ಮುಂದೆಯೇ ಉರಿದಿತ್ತು. ನಂಬಲಿಲ್ಲ. ನಂಬಿಸಿ ಬೀಳಿಸುವುದಕ್ಕೇ ಇಂಥವನ್ನು ಇಟ್ಟಿರುತ್ತಾರೆ. ಆದರೆ ಇನ್ನೊಂದು ಯೋಚನೆ ಬಂದು ಕೂತಿತು, ಅದು ಎದ್ದು ಹೋಗಲಿಲ್ಲ. ಯಾವುದು ಮಾತು, ಯಾವುದು ಗದ್ದಲ ಎಂದು ಆ ಯಂತ್ರಕ್ಕೆ ಕಲಿಸಿದವರು ಯಾರು? ಅವರು ಎಂಥ ಓಣಿಯಲ್ಲಿ ಕೂತು ಕಲಿಸಿರಬಹುದು?

ನಾಲ್ಕಕ್ಕೆ ಸರಿಯಾಗಿ ವೆಂಕೋಬ ಸರ್ ಬಂದರು. ಬರೀ ದನಿ. ಅವಳು ಬೆನ್ನು ನೆಟ್ಟಗೆ ಮಾಡಿ, ಸೆರಗಿಲ್ಲದ ಚೂಡಿದಾರದ ಮೇಲೂ ಸೆರಗು ಸರಿಪಡಿಸುವಂತೆ ಕೈ ಆಡಿಸಿದಳು. ಅಪ್ಪ ಹೊಸಿಲ ಹೊರಗೆ ಕೂತಿದ್ದ. ಕೆಮ್ಮು ಬಂದರೆ ಟವೆಲನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದ.

“ಸುನಿತಾ, ಟೆನ್ಶನ್ ಬೇಡ. ನಿಮ್ಮ ರೆಕಾರ್ಡ್ ಚೆನ್ನಾಗಿದೆ. ಇದೊಂದು ಕೇಳಿ.”

ಯಲಬುರ್ಗಾದವನ ದನಿ ಬಂತು. ಹೊಗೆ. ಅವಳ ದನಿ ಬಂತು: ‘ನಿಮ್ಮ ತೊಂದರೆಗೆ ಕ್ಷಮೆ ಕೋರುತ್ತೇವೆ.’ ಅವಳು ಕಣ್ಣು ಮುಚ್ಚಿ ಮೊದಲ ಪೆಟ್ಟಿಗೆ ಕಾದಳು. ಬರಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದು ಬೀಳಬೇಕಾದ ಜಾಗದಲ್ಲಿ ಅವಳದೇ ದನಿ, ತೊಳೆದು ಒರೆಸಿಟ್ಟ ಪಾತ್ರೆಯಂತೆ ಸಾಗಿ ಹೋಯಿತು. ಹಲಗೆ ಇಲ್ಲ. ಕೋಳಿ ಇಲ್ಲ, ಬೀದಿಯ ನಲ್ಲಿಯ ಜಗಳ ಇಲ್ಲ, ಆಯಿಯ ಅಡಿಕೆ ಕುಟ್ಟಣಿ ಇಲ್ಲ. ಎಲ್ಲಿಯೂ ಅಲ್ಲದ ಒಂದು ಕಡೆ ಕೂತು, ಯಾರ ಮಗಳೂ ಅಲ್ಲದ ಒಬ್ಬಳು ಮಾತಾಡುತ್ತಿದ್ದಳು. ಅವಳಿಗೆ ‘ಬದುಕಿಕೊಂಡೆ’ ಅನಿಸಬೇಕಿತ್ತು. ಬದಲಿಗೆ, ಸತ್ತಳೆಂದು ತನ್ನ ಹೆಸರನ್ನೇ ಪಟ್ಟಿಯಿಂದ ತೆಗೆದಂಥ ಒಂದು ಭಯವಾಯಿತು.

“ಇಲ್ಲಿ ನೋಡಿ” ಎಂದರು ವೆಂಕೋಬ ಸರ್. ರೆಕಾರ್ಡಿನಲ್ಲಿ ಮೌನ. ‘ಹಲೋ? ಹಲೋ? ಅದೀಯೇನವ್ವಾ?’ ಯಲಬುರ್ಗಾದವ ಕೂಗುತ್ತಿದ್ದ. “ಹನ್ನೊಂದು ಸೆಕೆಂಡ್. ಮೈಕ್ ಬಂದ್ ಇದೆ. ಗಿರಾಕಿ ಲೈನ್ ಮೇಲಿದ್ದಾನೆ, ನೀವಿಲ್ಲ. ಎಲ್ಲಿ ಹೋಗಿದ್ರಿ?”

“ಕರೆಂಟ್ ಹೋಗಿತ್ತು ಸರ್.”

“ಕರೆಂಟ್ ಹೋದ್ರೆ ನಿಮ್ಮ ನೆಟ್ ಹೋಗಬೇಕಲ್ಲ? ಲೈನ್ ನಡೀತಿದೆ.” ದನಿ ತಣ್ಣಗಾಯಿತು. “ನೇರವಾಗಿ ಕೇಳ್ತೀನಿ. ಬೇರೆ ಕಂಪನಿ ಕೆಲಸನೂ ಮಾಡ್ತಿದ್ದೀರಾ? ಇಬ್ಬರನ್ನ ಹೋದ ವಾರ ಇದಕ್ಕೇ ತೆಗೆದ್ವಿ. ಇದೇ ಥರ, ಹತ್ತು ಸೆಕೆಂಡ್, ಹನ್ನೆರಡು ಸೆಕೆಂಡ್.”

ಇಷ್ಟು ದಿನ ಅವಳು ಕಾವಲು ಕಾದದ್ದು ಒಂದು ಬಾಗಿಲನ್ನು; ಅವರು ಬಂದದ್ದು ಇನ್ನೊಂದರಿಂದ. ಎರಡು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದ ಮಾತನ್ನು, ನೌಕರಿ ಉಳಿಸಿಕೊಳ್ಳಲು, ಉಗುಳಿದಳು.

“ನಮ್ಮಪ್ಪ ಹಲಗಿ ಕಾಸ್ತಿದ್ರು ಸರ್. ಬಾರಿಸೋರು. ನಾನು ನಿಲ್ಲಿಸಾಕೆ ಹೋಗಿದ್ದೆ.”

ಓಣಿಯ ಮಾತು ಈಗ ಬರುತ್ತದೆ, ಎಂದುಕೊಂಡಳು.

“ಹಲಗಿ?” ಎಂದರು ವೆಂಕೋಬ ಸರ್. “ರೆಕಾರ್ಡಿಂಗ್‌ನಲ್ಲಿ ಏನೂ ಇಲ್ಲವಲ್ಲ. ಒಂದು ಸಣ್ಣ ಸಪ್ಪಳನೂ ಇಲ್ಲ. ನೀವು ಬಸ್‌ಸ್ಟ್ಯಾಂಡ್ ಹತ್ರ ಇರೋದು ಅಂತಿದ್ರಿ? ಸುನಿತಾ, ಕರೆಂಟ್ ಅಂದ್ರಿ, ಈಗ ಹಲಗಿ ಅಂತೀರಿ. ನಾನು ಯಾವುದನ್ನ ನಂಬಲಿ?”

“ಆ ಗದ್ದಲ ತಡೆ ಗುಂಡಿ ಸರ್, ಅದು ನುಂಗೈತಿ.”

“ಹಾಗಾದ್ರೆ ಅದನ್ನ ಆಫ್ ಮಾಡಿ, ಈಗ ಬಾರಿಸೋಕೆ ಹೇಳಿ. ನಾನು ಕೇಳಿ, ಬರೆದು ಮುಗಿಸ್ತೀನಿ. ನಂದೇನೂ ಇಲ್ಲ, ಮೇಲಿನವರಿಗೆ ಒಂದು ಕಾರಣ ಬೇಕು. ಐದು ನಿಮಿಷ ಕೊಡ್ತೀನಿ.”

ಅವಳು ಹೆಡ್‌ಫೋನು ಕಿತ್ತಿಟ್ಟು ಹೊರಗೆ ಬಂದಳು. “ಅಪ್ಪಾ, ಹಲಗಿ ತಗೊಂಬಾ. ಲಗೂನ. ಸರ್‌ಗೆ ಕೇಳಸಬೇಕಂತ.” ಅಪ್ಪ ಯಾಕೆಂದು ಕೇಳದೆ ಎದ್ದು ಹುಚ್ಚೀರಪ್ಪನ ಮನೆಗೆ ಹೋದ. ಆ ಎರಡು ನಿಮಿಷ ಅವಳು ಅಂಗಳದಲ್ಲಿ ನಿಂತು, ನಿನ್ನೆಯ ಬೂದಿಯನ್ನು ಕಾಲಿನಿಂದ ಕೆದರುತ್ತ, ಎಷ್ಟು ಬೇಗ ಬೆಂಕಿ ಹಚ್ಚಬಹುದೆಂದು ಲೆಕ್ಕ ಹಾಕಿದಳು. ಅವನು ಬಂದ. ಟವೆಲು ಬಿಚ್ಚಿದ. ತೊಗಲು ತಣ್ಣಗಿತ್ತು.

“ಯಾರಿಗಿ ಕೇಳಸಬೇಕಂದಿ?”

“ಸರ್‌ಗೆ. ಸುಳ್ಳಲ್ಲ ಅಂತ ತಿಳೀಬೇಕಲ್ಲ. ನಾಕು ಪೆಟ್ಟು ಹಾಕು ಸಾಕು.”

“ಅಂವ ಬಾರ್ಸು ಅಂದಾನ?”

“ಹೂಂ.”

ಅಪ್ಪ ಕಡ್ಡಿಗಳನ್ನು ಹಲಗೆಯ ಮೇಲಿಟ್ಟ. ಜೋರು ಮಾಡಲಿಲ್ಲ. “ಬ್ಯಾರೇದವ್ರು ಬಾರ್ಸು ಅಂದ್ರ ಬಾರ್ಸೂದು ಬಿಟ್ಟು ಹನ್ನೆರಡು ವರ್ಸ ಆತವ್ವಾ” ಎಂದ.

ಹನ್ನೆರಡು ವರ್ಷದ ಹಿಂದೆ ಮೇಲೋಣಿಯಲ್ಲಿ ಹೆಣ ಬಿದ್ದು, ಅದರ ಮುಂದೆ ಬಾರಿಸು ಎಂದು ಕರೆಯಲು ಬಂದವರಿಗೆ ಅಪ್ಪ ಇದೇ ದನಿಯಲ್ಲಿ ‘ಬರಂಗಿಲ್ರಿ’ ಎಂದಿದ್ದ. ಎರಡು ತಿಂಗಳು ಯಾರೂ ಹೊಲಕ್ಕೆ ಕರೆಯಲಿಲ್ಲ, ಗಿರಣಿಯವನು ಜೋಳ ಬೀಸಿಕೊಡಲಿಲ್ಲ. ಏಳನೇ ಇಯತ್ತೆಯಲ್ಲಿ ಓದುತ್ತಿದ್ದ ಅವಳು ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಅಳವಂಡಿಯ ತನಕ ನಡೆದು ಹಿಟ್ಟು ತಂದಿದ್ದಳು. ಹಿಟ್ಟಿನ ಬಿಸಿ ಬುಟ್ಟಿಯೊಳಗಿಂದ ನೆತ್ತಿಗೆ ಇಳಿಯುತ್ತಿದ್ದದ್ದು, ಆಗ ತಾನು ಯಾರಿಗೂ ಹೆದರುತ್ತಿರಲಿಲ್ಲ ಎಂಬುದು, ಎರಡೂ ಒಟ್ಟಿಗೇ ನೆನಪಾದವು. ಆಮೇಲೆ ಅವನು ಹಲಗೆ ಹಿಡಿದದ್ದು ತನ್ನ ತಂಡಕ್ಕೆ, ತನಗೆ ಬೇಕಾದ ಮೆರವಣಿಗೆಗೆ ಮಾತ್ರ. ಮುಂದಿನ ತಿಂಗಳು ಕುಕನೂರಿನಲ್ಲಿ ನಡೆಯುವ ಬಾಬಾಸಾಹೇಬರ ಜಯಂತಿಯಲ್ಲಿ ಬಾರಿಸುವುದರ ತಾಲೀಮಿಗೆಂದೇ ನಿನ್ನೆ ಕಾಸುತ್ತಿದ್ದ. ಅವಳು ಈಗ ಅಂಗಳದಲ್ಲಿ ನಿಂತ ರೀತಿಯೂ, ಅಂದು ಕರೆಯಲು ಬಂದವರು ಸೊಂಟಕ್ಕೆ ಕೈ ಕೊಟ್ಟು ನಿಂತ ರೀತಿಯೂ ಒಂದೇ ಆಗಿತ್ತು. ಕೈ ಇಳಿಸಿದಳು.

“ನೌಕರಿ ಹೋಗ್ತೈತಿ ಅಂದ್ರ ಹೇಳು” ಎಂದ ಅಪ್ಪ ಮೆಲ್ಲಗೆ. “ನಿನ್ನ ಸಲವಾಗಿ ಬಾರಸ್ತೀನಿ. ಅವನ ಸಲವಾಗಿ ಅಲ್ಲ.” ಕಡ್ಡಿ ಎತ್ತಿಕೊಳ್ಳಲು ಬಗ್ಗಿದ. ಆ ಬಗ್ಗಿದ ಬೆನ್ನನ್ನು ಅವಳಿಗೆ ನೋಡಲಾಗಲಿಲ್ಲ. “ಬ್ಯಾಡ ಬಿಡಪ್ಪಾ” ಎಂದು ಒಳಗೆ ಹೋದಳು.

“ಸರ್, ಬಾರಸಂಗಿಲ್ರಿ.”

“ಏನು?”

“ನಮ್ಮಪ್ಪ ನೀವು ಹೇಳಿದ್ರ ಬಾರಸಂಗಿಲ್ರಿ. ನಾ ಹೇಳಿದ್ದು ಖರೇ ಐತ್ರಿ. ನಂಬೂದಿದ್ರ ನಂಬ್ರಿ. ಬಸ್‌ಸ್ಟ್ಯಾಂಡಿನ ಹತ್ರ ಮನಿ ಅಂದಿದ್ದು ಸುಳ್ಳ್ರಿ.” ತನ್ನ ಬಾಯಿಂದ ಮನೆಯ ಮಾತು ಆ ತಂತಿಯೊಳಗೆ ಇಳಿಯುವುದನ್ನು ಅವಳು ಬೇರೆ ಯಾರದೋ ಮಾತಿನಂತೆ ಕೇಳಿದಳು. “ಆಯ್ತು” ಎಂದರು ವೆಂಕೋಬ ಸರ್, “ಬರೆದು ಮೇಲೆ ಕಳಿಸ್ತೀನಿ. ಸೋಮವಾರ ಹೇಳ್ತಾರೆ.” ಏನೆಂದು ಬರೆಯುತ್ತಾರೆ? ಹಲಗೆ ಎಂದೋ, ಸುಳ್ಳುಗಾರ್ತಿ ಎಂದೋ? ಅವರ ‘ಆಯ್ತು’ ಎಂಬುದರಲ್ಲಿ ಒಂದು ನಸುನಗೆ ಇತ್ತೇ? ಇತ್ತು ಅನಿಸಿತು. ಇರಲಿಲ್ಲ ಎಂದೂ ಅನಿಸಿತು. ಇನ್ನು ಸೋಮವಾರದ ತನಕ ಆ ಒಂದು ಮಾತನ್ನು ಲೋಟದಂತೆ ಮಗುಚಿ ಮಗುಚಿ ನೋಡಬೇಕು.

ಡ್ಯೂಟಿ ಆರರ ತನಕ ಇತ್ತು. ಅವಳು ಚಾದರ ಬಿಚ್ಚಿ ಮಡಚಿ ಟ್ರಂಕಿನ ಮೇಲಿಟ್ಟಳು. ಹೊರಗೆ ಸೊಪ್ಪೆ ಚಟಚಟ ಉರಿಯುವುದು ಕೇಳಿಸಿತು. ಅಪ್ಪನ ತಂಡದವರು ಬರುವ ಹೊತ್ತು, ಹುಚ್ಚೀರಪ್ಪ ಕಾಕಾ ಏನೋ ಚೇಷ್ಟೆ ಮಾಡುತ್ತಿದ್ದ, ಆಯಿ ಅವನಿಗೆ ತಿರುಗಿ ಬೈದಳು. ಪರದೆಯ ಬಲಗಡೆಯ ಹಸಿರು ಗುಂಡಿಯನ್ನು ಒತ್ತಿದಳು. ಅದು ಬೂದುಬಣ್ಣಕ್ಕೆ ತಿರುಗಿತು. ನಿಜವಾಗಿ ಬಂದ್ ಆಯಿತೋ, ಬಂದ್ ಆದಂತೆ ತೋರಿಸುತ್ತಿದೆಯೋ ಎಂದು ನೋಡುತ್ತಿರುವಾಗಲೇ ಕಾಲ್ ಬಂತು. ಒಬ್ಬಳು ವಯಸ್ಸಾದ ಹೆಂಗಸು, ಕುಷ್ಟಗಿಯಿಂದ.

“ನಮಸ್ಕಾರ್ರಿ, ಹೇಳ್ರಿ.”

“ಮಿಕ್ಸರಿಂದು ಜಾರ ತಿರಗವಲ್ದವ್ವಾ. ಅಂದ್ರ...” ಆಗ ಹೊರಗೆ ಮೊದಲ ಪೆಟ್ಟು ಬಿತ್ತು, ಮಂಕಾಗಿ. ಎರಡನೆಯದು. ಮೂರನೆಯದು ಡಣ್ಣನೆ ಗೋಡೆ ದಾಟಿ ಬಂತು. ಹೆಂಗಸು ಮಾತು ನಿಲ್ಲಿಸಿದಳು. “ಅದೇನವ್ವಾ ಸಪ್ಪಳಾ?”

ಸುನಿತಾಳ ಬೆರಳು ತಾನಾಗಿಯೇ ಮೈಕಿನ ಗುಂಡಿಯ ಮೇಲೆ ಹೋಗಿ ಕೂತಿತ್ತು. ಅದನ್ನು ನೋಡಿದಳು. ಎತ್ತಿ ಮಡಿಲಲ್ಲಿಟ್ಟುಕೊಂಡಳು.

“ಹಲಗಿ ಅದ್ರಿ. ನಮ್ಮಪ್ಪ ಕಾಸಾಕತ್ಯಾನ್ರಿ. ಜಾರ ಯಾವುದ್ರಿ, ಸಣ್ಣದೋ ದೊಡ್ಡದೋ?”

ಅತ್ತಿಂದ ಉಸಿರು ಮಾತ್ರ ಕೇಳಿಸುತ್ತಿತ್ತು, ಅದರ ಹಿಂದೆ ಎಲ್ಲೋ ಒಂದು ಆಕಳು. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಮೂರು, ನಾಲ್ಕು. ಹೊರಗೆ ಎರಡನೇ ಹಲಗೆ ಸೇರಿತು. ಅವಳು ಮೈಕು ತೆರೆದಿಟ್ಟುಕೊಂಡು ಕಾದಳು.